ದಡ ಸೇರದ ಹಡಗಿನಲ್ಲಿ ರೋಗ ಹಬ್ಬಿದರೆ: ಮೊದಲ ಗಂಟೆಯಿಂದ ಕೊನೆಯ ರೋಗಿ ಇಳಿಯುವವರೆಗೆ

ಕಾರವಾರ, ಉಡುಪಿ, ಮಂಗಳೂರು ಕಡೆಯಿಂದ ಕ್ರೂಸ್ ಹಡಗುಗಳ ಅಡುಗೆಮನೆ, ಹೌಸ್‌ಕೀಪಿಂಗ್, ಊಟದ ಹಾಲ್‌ಗಳಿಗೆ ಕೆಲಸಕ್ಕೆ ಹೋಗುವವರು ಬಹಳ. ಟಿಕೆಟ್ ಕೊಂಡು ವಿಹಾರಕ್ಕೆ ಹೋಗುವ ಕುಟುಂಬಗಳೂ ಇವೆ. ಎರಡೂ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಹಡಗು ಎಲ್ಲೋ ನಿಂತುಬಿಟ್ಟಿದೆ, ಒಳಗೆ ಒಬ್ಬೊಬ್ಬರಾಗಿ ಮಲಗುತ್ತಿದ್ದಾರೆ, ಆಸ್ಪತ್ರೆ ನೂರಾರು ಮೈಲಿ ದೂರ. ಆಗ ಏನು ಮಾಡಬೇಕು?

ಹಡಗಿನಲ್ಲಿ ಕೊನೆಯ ತೀರ್ಮಾನ ಕ್ಯಾಪ್ಟನ್‌ದು, ಚಿಕಿತ್ಸೆಯ ತೀರ್ಮಾನ ವೈದ್ಯರದು. 100 ಅಥವಾ ಹೆಚ್ಚು ಜನರಿದ್ದು ಮೂರು ದಿನಕ್ಕಿಂತ ಉದ್ದದ ಅಂತರರಾಷ್ಟ್ರೀಯ ಪ್ರಯಾಣ ಮಾಡುವ ಹಡಗಿನಲ್ಲಿ ವೈದ್ಯರು ಇರಲೇಬೇಕೆಂದು 2006ರ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. ಆದರೆ ಒಬ್ಬ ವೈದ್ಯ, ಇಬ್ಬರು ನರ್ಸ್ ಇದ್ದಲ್ಲಿ ಅರವತ್ತು ರೋಗಿಗಳಾದರೆ ಬಕೆಟ್ ಹಿಡಿಯುವವರು, ತಟ್ಟೆ ಒಯ್ಯುವವರು, ಪಟ್ಟಿ ಬರೆಯುವವರು ನೀವೇ. ಈ ಬರಹ ಆ ಕೆಲಸಕ್ಕೆ.

ಮೊದಲು ಒಂದು ಮಾತು. ‘ಸಿಕ್ಕಿಹಾಕಿಕೊಂಡ ಹಡಗು’ ಅಂದರೆ ಮೂರು ಬಗೆ. ಯಾವ ಬಗೆ ಎಂಬುದರ ಮೇಲೆ ನಿಮಗೆ ಯಾವುದು ಮೊದಲು ಮುಗಿಯುತ್ತದೆ ಎಂಬುದು ನಿರ್ಧಾರವಾಗುತ್ತದೆ.

ತಳ ಕಚ್ಚಿ ನಿಂತ ಹಡಗಿಗೆ ಕರೆಂಟು ಇರುತ್ತದೆ, ನೆರವು ಇರುವುದಿಲ್ಲ. 2023ರ ಸೆಪ್ಟೆಂಬರ್ 11ರಂದು ಗ್ರೀನ್‌ಲ್ಯಾಂಡಿನ ಆಲ್ಪೆಫ್ಯೋರ್ಡ್‌ನಲ್ಲಿ ‘ಓಷನ್ ಎಕ್ಸ್‌ಪ್ಲೋರರ್’ 206 ಜನರೊಂದಿಗೆ ತಳ ಕಚ್ಚಿತು. ಕೆಲವರಿಗೆ ಕೋವಿಡ್ ಕೂಡ ಇತ್ತು. ಹತ್ತಿರದ ಡ್ಯಾನಿಶ್ ಗಸ್ತು ಹಡಗು ಇದ್ದದ್ದು ಸುಮಾರು 1,200 ನಾಟಿಕಲ್ ಮೈಲಿ ಆಚೆ. ಕೊನೆಗೆ 14ರಂದು ಎಳೆದು ಬಿಡಿಸಿದ್ದು ‘ತರಾಯೋಕ್’ ಎಂಬ ಸಂಶೋಧನಾ ಹಡಗು. ಎಂಜಿನ್ ಸತ್ತ ಹಡಗಿನಲ್ಲಿ ಮೊದಲು ಕೈಕೊಡುವುದು ಶೌಚಾಲಯ, ಆಮೇಲೆ ನೀರು, ಫ್ರಿಡ್ಜು, ಗಾಳಿ. 2013ರ ಫೆಬ್ರವರಿ 10ರಂದು ಎಂಜಿನ್ ಕೋಣೆಗೆ ಬೆಂಕಿ ಬಿದ್ದ ‘ಕಾರ್ನಿವಲ್ ಟ್ರಯಂಫ್’ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ 14ರ ರಾತ್ರಿ ಅಲಬಾಮಾದ ಮೊಬೈಲ್ ಬಂದರು ಮುಟ್ಟುವವರೆಗೆ ಹಾಗೆಯೇ ಕಳೆದರು. ಮೂರನೆಯದು, ಎಲ್ಲ ಸರಿಯಿದ್ದೂ ಬಂದರು ಒಳಗೆ ಬಿಡದ ಹಡಗು. 2020ರಲ್ಲಿ ‘ವೆಸ್ಟರ್‌ಡ್ಯಾಮ್’ ಐದು ಕಡೆ ತಿರಸ್ಕೃತವಾಗಿ ಕಾಂಬೋಡಿಯಾದ ಸಿಹಾನೂಕ್‌ವಿಲ್ ಸೇರಿತು. ಇಂಥ ಹಡಗಿನಲ್ಲಿ ಮುಗಿಯುವುದು ಔಷಧಿ ಮತ್ತು ತಾಳ್ಮೆ.

ಹಡಗಿನಲ್ಲಿ ಹೆಚ್ಚು ಕಾಣುವುದು ನೊರೊವೈರಸ್‌ನ ವಾಂತಿಭೇದಿ. ಆದ್ದರಿಂದ ಹಂತಗಳನ್ನು ಅದಕ್ಕೆ ತಕ್ಕಂತೆ ಬರೆದಿದೆ. ಕೆಮ್ಮು-ಜ್ವರದ ರೋಗವಾದರೆ ಏನು ಬದಲಾಗುತ್ತದೆ ಎಂಬುದು 8ನೇ ಹಂತದಲ್ಲಿದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

200 ಜನರ ಹಡಗಿನಲ್ಲಿ 60 ಜನ ಮಲಗುತ್ತಾರೆ ಎಂದು ಲೆಕ್ಕ ಹಿಡಿಯಿರಿ. ಒಬ್ಬರಿಗೆ ದಿನಕ್ಕೆ 4 ಪೊಟ್ಟಣದಂತೆ ಎರಡು ದಿನಕ್ಕೆ ಒಟ್ಟು 480 ಓಆರ್‌ಎಸ್ ಪೊಟ್ಟಣ. ಕ್ಲೋರಿನ್ ಪುಡಿ ಅಥವಾ ಬ್ಲೀಚ್ ದ್ರಾವಣ, ಅದನ್ನು ತೂಗಲು ಅಡುಗೆಮನೆಯ ಗ್ರಾಂ ತಕ್ಕಡಿ, ಕ್ಲೋರಿನ್ ಅಳೆಯುವ ಪಟ್ಟಿ. ಕೈಗವಸು, ಪ್ಲಾಸ್ಟಿಕ್ ಏಪ್ರನ್, ಕಣ್ಣಿನ ಕನ್ನಡಕ, ಎನ್-95 ಮಾಸ್ಕ್. ಸೋಂಕಿನ ಕಸಕ್ಕೆ ಕೆಂಪು ಚೀಲ. ನಲ್ಲಿಯಿರುವ ಕ್ಯಾನು, ಸೋಪು, ಕಾಗದದ ಟವೆಲ್. ಥರ್ಮಾಮೀಟರ್, ಬೆರಳಿಗೆ ಹಾಕುವ ಆಕ್ಸಿಮೀಟರ್. ಕೊನೆಯದಾಗಿ ಒಂದು ದಪ್ಪ ನೋಟ್‌ಬುಕ್. ಕರೆಂಟು ಹೋದರೆ ಕಂಪ್ಯೂಟರಿನ ಪಟ್ಟಿ ಇದ್ದೂ ಇಲ್ಲದಂತೆ.

1. ರೋಗಿ ಯಾರು ಎಂದು ಮೊದಲು ತೀರ್ಮಾನಿಸಿ, ಪಟ್ಟಿ ಶುರುಮಾಡಿ

‘ಹೊಟ್ಟೆ ಸರಿಯಿಲ್ಲ’ ಎಂದವರನ್ನೆಲ್ಲ ಸೇರಿಸಿದರೆ ಪಟ್ಟಿ ಕೆಲಸಕ್ಕೆ ಬಾರದು. ಅಮೆರಿಕದ ಹಡಗು ನೈರ್ಮಲ್ಯ ಕಾರ್ಯಕ್ರಮ ಬಳಸುವ ಅಳತೆ ಸರಳವಾಗಿದೆ: 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರುಭೇದಿ, ಇಲ್ಲವೇ ವಾಂತಿಯ ಜೊತೆಗೆ ಭೇದಿ, ಮೈಕೈನೋವು, ತಲೆನೋವು, ಹೊಟ್ಟೆ ನುಲಿತ, ಜ್ವರ ಇವುಗಳಲ್ಲಿ ಒಂದಾದರೂ ಇರಬೇಕು. ಕಡಲು ಕುಣಿಯುವಾಗ ಬರಿ ವಾಂತಿ ಮಾಡುವವರು ಈ ಜರಡಿಯಲ್ಲಿ ಕೆಳಗೆ ಬೀಳುತ್ತಾರೆ.

ಪಟ್ಟಿಯಲ್ಲಿ ಬೇಕಾದ್ದು: ಕ್ಯಾಬಿನ್ ಸಂಖ್ಯೆ, ವಯಸ್ಸು, ಪ್ರಯಾಣಿಕರೋ ಸಿಬ್ಬಂದಿಯೋ, ಸಿಬ್ಬಂದಿಯಾದರೆ ಕೆಲಸ ಏನು, ಮೊದಲ ವಾಂತಿ ಅಥವಾ ಭೇದಿ ಆದ ದಿನ ಮತ್ತು ಗಂಟೆ, ಹಿಂದಿನ 72 ಗಂಟೆಯಲ್ಲಿ ಎಲ್ಲೆಲ್ಲಿ ಉಂಡರು, ಕ್ಯಾಬಿನ್‌ನಲ್ಲಿ ಜೊತೆಗಿರುವವರು ಯಾರು. ಗಂಟೆಯನ್ನು ಮರೆಯಬೇಡಿ, ರೋಗ ಯಾವುದೆಂದು ಊಹಿಸಲು ಅದೇ ದಾರಿ. ವೈದ್ಯರ ಬಳಿ ಬಂದವರನ್ನು ಮಾತ್ರ ಎಣಿಸಿದರೆ ಅರ್ಧ ಜನ ತಪ್ಪಿಹೋಗುತ್ತಾರೆ. ಕ್ಯಾಬಿನ್ ಸ್ಟೀವರ್ಡ್‌ಗಳನ್ನು ಕೇಳಿ: ಯಾವ ಕ್ಯಾಬಿನ್‌ನವರು ಹೆಚ್ಚು ಟವೆಲ್ ಕೇಳಿದರು, ಯಾರು ಊಟಕ್ಕೆ ಬರಲಿಲ್ಲ, ಯಾರ ಕಸದ ಬುಟ್ಟಿಯಲ್ಲಿ ವಾಂತಿ ಇತ್ತು. ಮೊದಲ ಸುಳಿವು ಸಿಗುವುದು ಅವರಿಗೇ.

ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇ. 2 ದಾಟಿದರೆ ಅಮೆರಿಕದ ಬಂದರಿಗೆ ಹೋಗುವ ಹಡಗು ವಿಶೇಷ ವರದಿ ಕಳಿಸಬೇಕು, ಶೇ. 3 ಆದಾಗ ಇನ್ನೊಂದು. ನಿಂತ ಹಡಗಿನಲ್ಲಿ ಶೇ. 2ಕ್ಕಾಗಿ ಕಾಯಬೇಡಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಕ್ಯಾಬಿನ್‌ಗಳಲ್ಲಿ ಒಂದೇ ದಿನ ವಾಂತಿಭೇದಿ ಕಂಡರೆ ಮುಂದಿನ ಎಲ್ಲ ಹಂತಗಳನ್ನೂ ಶುರುಮಾಡಿ.

2. ರೋಗವನ್ನು ಗಂಟೆಯಿಂದ ಗುರುತಿಸಿ

ಪ್ರಯೋಗಾಲಯ ಇಲ್ಲದಿದ್ದರೂ ಗಡಿಯಾರ ಇದೆ. ಸೋಂಕು ಒಳಹೊಕ್ಕಾಗಿನಿಂದ ಲಕ್ಷಣ ಕಾಣುವವರೆಗಿನ ಸಮಯಕ್ಕೆ ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ. ಒಂದೇ ಊಟ ಮಾಡಿದವರು ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಒಟ್ಟಿಗೆ ವಾಂತಿ ಮಾಡಿಕೊಂಡರೆ ಅದು ಬಹುಶಃ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಿಟ್ಟ ವಿಷ. ಆ ತಿಂಡಿಯನ್ನು ತೆಗೆದಿಟ್ಟರೆ ಅಲ್ಲಿಗೆ ನಿಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ವಾಂತಿ, ಒಬ್ಬರಿಂದ ಇನ್ನೊಬ್ಬರಿಗೆ 24ರಿಂದ 48 ಗಂಟೆಯ ಅಂತರ, ಪ್ರತಿಯೊಬ್ಬರಿಗೂ 12ರಿಂದ 60 ಗಂಟೆಯಲ್ಲಿ ವಾಸಿ ಎಂದಾದರೆ ನೊರೊವೈರಸ್ ಎಂದೇ ಹಿಡಿದು ನಡೆಯಿರಿ. ಮಲದಲ್ಲಿ ರಕ್ತ, ಜೋರು ಜ್ವರ ಇದ್ದರೆ ಬೇರೆ ಬ್ಯಾಕ್ಟೀರಿಯಾ ಇರಬಹುದು, ಆಂಟಿಬಯೋಟಿಕ್ ಪ್ರಶ್ನೆ ಬರುತ್ತದೆ. ಅದು ವೈದ್ಯರಿಗೆ ಬಿಟ್ಟದ್ದು.

ಐದಾರು ರೋಗಿಗಳ ಮಲದ ಮಾದರಿಯನ್ನು ಮೊದಲ 72 ಗಂಟೆಯೊಳಗೆ ತೆಗೆದು 4 ಡಿಗ್ರಿಯಲ್ಲಿಡಿ. ಫ್ರೀಜರ್‌ಗೆ ಹಾಕಬೇಡಿ. ಬಂದರು ಸಿಕ್ಕ ದಿನ ಅಧಿಕಾರಿಗಳು ಮೊದಲು ಕೇಳುವುದು ಇದನ್ನೇ. ಅಷ್ಟರಲ್ಲಿ ರೋಗಿಗಳೆಲ್ಲ ವಾಸಿಯಾಗಿರುತ್ತಾರೆ, ಮಾದರಿ ಸಿಗುವುದಿಲ್ಲ.

3. ಹೊರಗಿನವರಿಗೆ ತಿಳಿಸಿ

ಇಲ್ಲಿ ಹಡಗಿನವರು ಮಾಡುವ ತಪ್ಪು ತಡಮಾಡುವುದು. ‘ನಾಳೆ ಕಡಿಮೆಯಾಗಬಹುದು’ ಎಂದು ಒಂದು ದಿನ ಕಾದರೆ ಬಂದರಿನವರು ನಿಮ್ಮ ಮಾತು ನಂಬುವುದಿಲ್ಲ.

ದೂರವೈದ್ಯ ಸಲಹಾ ಕೇಂದ್ರಗಳು ಉಪಗ್ರಹ ಫೋನ್, ಇಮೇಲ್ ಮೂಲಕ 24 ಗಂಟೆ ಸಿಗುತ್ತವೆ. ರೋಮ್‌ನಲ್ಲಿರುವ ಸಿಐಆರ್‌ಎಂ 1935ರಿಂದ ಯಾವ ದೇಶದ ಹಡಗಿಗಾದರೂ ಉಚಿತವಾಗಿ ಸಲಹೆ ಕೊಡುತ್ತಿದೆ. ಜೀವಕ್ಕೆ ತಕ್ಷಣ ಅಪಾಯವಿಲ್ಲ ಆದರೆ ತುರ್ತು ಎಂದಾದರೆ ಹಡಗಿನ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ‘ಪ್ಯಾನ್-ಪ್ಯಾನ್’ ಎಂದು ಮೂರು ಸಲ ಕೂಗಿ ಹೆಸರು, ಸ್ಥಾನ, ಬೇಕಾದ ನೆರವು ಹೇಳಬೇಕು. ಭಾರತದ ಕಡಲಿನಲ್ಲಿದ್ದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಇದೆ.

ಬಂದರಿಗೆ ಕಳಿಸುವ ಕಾಗದದ ಹೆಸರು ಕಡಲ ಆರೋಗ್ಯ ಘೋಷಣೆ. ಎಷ್ಟು ರೋಗಿಗಳು, ಸಾವು ಆಗಿದೆಯೇ, ಸೋಂಕು ಎಂಬ ಅನುಮಾನ ಇದೆಯೇ ಎಂಬ ಪ್ರಶ್ನೆಗಳಿಗೆ ಕ್ಯಾಪ್ಟನ್ ಸಹಿ ಹಾಕುತ್ತಾರೆ, ವೈದ್ಯರು ಜೊತೆಸಹಿ. ಆರೋಗ್ಯದ ಒಪ್ಪಿಗೆ ಸಿಕ್ಕ ಮೇಲಷ್ಟೇ ಜನ ಇಳಿಯಬಹುದು; ಈ ಒಪ್ಪಿಗೆಗೆ ‘ಫ್ರೀ ಪ್ರಾಟಿಕ್’ ಎನ್ನುತ್ತಾರೆ. ಹಳದಿ ‘ಕ್ಯೂ’ ಬಾವುಟ ಕಂಡರೆ ‘ಅಯ್ಯೋ ರೋಗದ ಹಡಗು’ ಎಂದು ಹೇಳುವವರಿದ್ದಾರೆ. ಒಂಟಿ ಹಳದಿ ಬಾವುಟದ ಇಂದಿನ ಅರ್ಥ ತದ್ವಿರುದ್ಧ: ‘ನಮ್ಮ ಹಡಗು ಆರೋಗ್ಯವಾಗಿದೆ, ಒಪ್ಪಿಗೆ ಕೊಡಿ’. ರೋಗ ಇಟ್ಟುಕೊಂಡು ಅದನ್ನು ಹಾರಿಸಬಾರದು.

2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ 28ನೇ ವಿಧಿ ಪ್ರಕಾರ ಆರೋಗ್ಯದ ಕಾರಣಕ್ಕೆ ಹಡಗನ್ನು ಬಂದರಿಗೆ ಬರದಂತೆ ಸುಮ್ಮನೆ ತಡೆಯುವಂತಿಲ್ಲ. 2020ರಲ್ಲಿ ಈ ವಿಧಿಗೆ ಎಷ್ಟು ಬೆಲೆ ಸಿಕ್ಕಿತು ಎಂಬುದನ್ನು ‘ಝಾಂಡಾಮ್’ ಹಡಗಿನವರು ಕಂಡಿದ್ದಾರೆ: ಮಾರ್ಚ್ 7ರಂದು ಬ್ಯೂನಸ್ ಐರಿಸ್ ಬಿಟ್ಟದ್ದು ಫ್ಲಾರಿಡಾದಲ್ಲಿ ಕಟ್ಟಿದ್ದು ಏಪ್ರಿಲ್ 2ಕ್ಕೆ, ಅಷ್ಟರಲ್ಲಿ ಹಡಗಿನಲ್ಲೇ ನಾಲ್ವರು ತೀರಿಕೊಂಡಿದ್ದರು. ಆದ್ದರಿಂದ ಒಂದೇ ಬಂದರನ್ನು ನಂಬಿ ಕೂರದೆ ಮೂರು ಕಡೆ ಒಟ್ಟಿಗೆ ಅರ್ಜಿ ಹೋಗಲಿ.

4. ಬೇರೆಬೇರೆ ಮಾಡಿ, ಸಿಬ್ಬಂದಿಯಿಂದ ಶುರುಮಾಡಿ

ಈ ಹಂತವನ್ನು ಎರಡು ಸಲ ಓದಿ.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ನ 3,711 ಜನರನ್ನು ಹಡಗಿನಲ್ಲೇ ಇರಿಸಲಾಯಿತು. 2,666 ಪ್ರಯಾಣಿಕರು ತಮ್ಮ ಕ್ಯಾಬಿನ್‌ಗಳಲ್ಲಿ ಬಾಗಿಲು ಹಾಕಿಕೊಂಡರು. 1,045 ಸಿಬ್ಬಂದಿ ಮಾತ್ರ ಅಡುಗೆ ಮಾಡುತ್ತ, ತಟ್ಟೆ ಹಂಚುತ್ತ, ಒಟ್ಟಿಗೆ ಉಣ್ಣುತ್ತ, ಒಂದೇ ಕ್ಯಾಬಿನ್‌ನಲ್ಲಿ ಮಲಗುತ್ತ ಇದ್ದರು. ಮೊದಲು ಸೋಂಕು ಖಚಿತವಾದ 20 ಸಿಬ್ಬಂದಿಯಲ್ಲಿ 15 ಜನ ಆಹಾರ ವಿಭಾಗದವರು, 16 ಜನ ಒಂದೇ ಮಹಡಿಯ, ಮೂರನೇ ಡೆಕ್‌ನ ವಾಸಿಗಳು. ಕೊನೆಗೆ 712 ಜನರಿಗೆ ಸೋಂಕು ತಗುಲಿತ್ತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಜನ ಸಿಬ್ಬಂದಿಯೇ. ಪ್ರಯಾಣಿಕರ ಬಾಗಿಲು ಹಾಕಿಸಿ ತಟ್ಟೆ ಒಯ್ಯುವವರನ್ನು ಹಾಗೇ ಬಿಟ್ಟರೆ ರೋಗವನ್ನು ಮನೆಮನೆಗೆ ಹಂಚಿದಂತೆ.

ಮಾಡಬೇಕಾದ್ದು ಹೀಗೆ. ಸಿಬ್ಬಂದಿಯನ್ನು ಎರಡು ತಂಡ ಮಾಡಿ. ರೋಗಿಗಳ ಕ್ಯಾಬಿನ್‌ಗೆ ಹೋಗುವವರು, ವಾಂತಿ ಒರೆಸುವವರು, ಕೊಳೆ ಬಟ್ಟೆ ಮುಟ್ಟುವವರು ಕೆಂಪು ತಂಡ. ಅಡುಗೆ, ನೀರು, ಎಂಜಿನ್, ಬ್ರಿಜ್ (ಹಡಗು ನಡೆಸುವ ಕೋಣೆ) ನೋಡುವವರು ಹಸಿರು ತಂಡ. ಇಬ್ಬರಿಗೂ ಬೇರೆ ಮಲಗುವ ಜಾಗ, ಬೇರೆ ಶೌಚಾಲಯ, ಬೇರೆ ಊಟದ ಹೊತ್ತು. ತೋಳಿಗೆ ಬಣ್ಣದ ಪಟ್ಟಿ ಕಟ್ಟಿದರೆ ತಪ್ಪಿ ಬೆರೆಯುವುದು ಕಡಿಮೆ. ಕೆಂಪು ತಂಡದವರು ಮಧ್ಯದಲ್ಲಿ ಹಸಿರಿಗೆ ಬರಬಾರದು. ಬರಬೇಕಾದರೆ 48 ಗಂಟೆ ಲಕ್ಷಣವಿಲ್ಲದೆ ಕಳೆಯಬೇಕು.

ಸಿಬ್ಬಂದಿ ಕ್ಯಾಬಿನ್‌ಗಳಲ್ಲಿ ಎರಡರಿಂದ ನಾಲ್ಕು ಜನ ಇರುತ್ತಾರೆ. ರೋಗಿಯನ್ನು ಅಲ್ಲೇ ಬಿಟ್ಟು ‘ಪ್ರತ್ಯೇಕಿಸಿದ್ದೇವೆ’ ಎಂದರೆ ಅರ್ಥವಿಲ್ಲ. ಖಾಲಿಯಿರುವ ಪ್ರಯಾಣಿಕರ ಕ್ಯಾಬಿನ್‌ಗಳನ್ನು ರೋಗಿ ಸಿಬ್ಬಂದಿಗೆ ಕೊಡಬೇಕು. ದುಬಾರಿ ಕೋಣೆಯಲ್ಲಿ ಪಾತ್ರೆ ತೊಳೆಯುವವನನ್ನು ಮಲಗಿಸಲು ಮೇಲಿನವರಿಗೆ ಮನಸ್ಸು ಬರುವುದಿಲ್ಲ. ಮರ್ಯಾದೆ ನೋಡುವ ಹೊತ್ತು ಇದಲ್ಲ.

ಇನ್ನೊಂದು ಗುಂಡಿ: ಹುಡುಗರು ರೋಗ ಮುಚ್ಚಿಡುತ್ತಾರೆ. ಮಲಗಿದರೆ ಟಿಪ್ಸ್ ಹೋಗುತ್ತದೆ, ಮುಂದಿನ ಕಾಂಟ್ರ್ಯಾಕ್ಟ್ ಸಿಗುವುದೋ ಇಲ್ಲವೋ ಎಂಬ ಭಯ. ‘ಮಲಗಿದವರ ಸಂಬಳ ಕಡಿಯುವುದಿಲ್ಲ’ ಎಂದು ಮೊದಲ ದಿನವೇ ಕ್ಯಾಪ್ಟನ್ ಬಾಯಲ್ಲಿ ಹೇಳಿಸಿ, ಬರೆದು ಮೆಸ್‌ನಲ್ಲಿ ಅಂಟಿಸಿ. ಒಬ್ಬ ಅಡುಗೆಯವ ಹೊಟ್ಟೆ ಹಿಡಿದುಕೊಂಡು ಸಾರು ಬಡಿಸಿದರೆ ಉಳಿದ ಹನ್ನೊಂದು ಹಂತ ಮಾಡಿಯೂ ಪ್ರಯೋಜನವಿಲ್ಲ.

ಪ್ರತ್ಯೇಕಿಸುವ ಅವಧಿ: ಅಡುಗೆ ಮತ್ತು ಬಡಿಸುವ ಕೆಲಸದವರಿಗೆ ಕೊನೆಯ ಲಕ್ಷಣ ನಿಂತ ಮೇಲೆ 48 ಗಂಟೆ; ಇತರ ಸಿಬ್ಬಂದಿಗೆ ಮತ್ತು ಪ್ರಯಾಣಿಕರಿಗೆ ಕನಿಷ್ಠ 24. ಜಾಗವಿದ್ದರೆ ಎಲ್ಲರಿಗೂ 48 ಇಡಿ. ವೈರಸ್ ಮಲದಲ್ಲಿ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹೋಗುತ್ತಿರುತ್ತದೆ. ವಾಸಿಯಾದ ಮೇಲೂ ಕೈ ತೊಳೆಯುವುದು ತಪ್ಪುವಂತಿಲ್ಲ.

5. ಬಫೆ ಮುಚ್ಚಿ

ಆ ಗಂಟೆಯಲ್ಲೇ. ಒಂದೇ ಚಮಚವನ್ನು ಇನ್ನೂರು ಕೈ ಹಿಡಿಯುವ ವ್ಯವಸ್ಥೆ ಅದು. ಉಪ್ಪು-ಮೆಣಸಿನ ಡಬ್ಬಿ, ಐಸ್ ಯಂತ್ರ, ಕಾಫಿ ಯಂತ್ರದ ಗುಂಡಿ, ಬಿಸ್ಕತ್ತಿನ ಬುಟ್ಟಿ ಎಲ್ಲವೂ ಹೋಗಲಿ. ಕೈಗವಸು ಹಾಕಿದ ಸಿಬ್ಬಂದಿಯೇ ಬಡಿಸಬೇಕು. ಅದೇ ಕೈಗವಸಿನಲ್ಲಿ ಬಾಗಿಲು, ಫೋನು, ಮೂಗು ಮುಟ್ಟಿ ಮತ್ತೆ ಬಡಿಸಿದರೆ ಬರಿಗೈಗೂ ಅದಕ್ಕೂ ವ್ಯತ್ಯಾಸವಿಲ್ಲ.

ಕರೆಂಟು ಇಲ್ಲದಾಗ ಫ್ರಿಡ್ಜಿನ ಬಾಗಿಲಿಗೆ ಕಾವಲು ಹಾಕಿ. 5 ಡಿಗ್ರಿ ದಾಟಿ 4 ಗಂಟೆ ಕಳೆದ ಹಾಲು, ಮಾಂಸ, ಮೀನು, ಬೇಯಿಸಿದ ಅನ್ನ ಎಸೆಯಬೇಕು. ‘ಪೋಲಾಗುತ್ತದೆ’ ಎಂದು ಮೊದಲ ರಾತ್ರಿ ಸೀಗಡಿ-ಕೋಳಿಯ ಔತಣ ಮಾಡುವ ಆಸೆ ಬರುತ್ತದೆ. ಬಿಸಿ ಮಾಡುವ ಒಲೆ ಇಲ್ಲದೆ ಹಾಗೆ ಮಾಡಿದರೆ ಒಂದು ರೋಗದ ಮೇಲೆ ಇನ್ನೊಂದು. ಡಬ್ಬಿಯ ಆಹಾರ, ಬ್ರೆಡ್ಡು, ಸಿಪ್ಪೆ ಸುಲಿದು ತಿನ್ನುವ ಹಣ್ಣು ಸಾಕು.

6. ನೀರು ಮತ್ತು ಶೌಚ

ಕುಡಿಯಲು ತಲೆಗೆ ದಿನಕ್ಕೆ 3 ಲೀಟರ್, ರೋಗಿಗೆ ಇನ್ನೂ 3. ಅಡುಗೆ, ಕೈತೊಳೆತ ಸೇರಿ 15 ಲೀಟರ್ ಇದ್ದರೆ ಶುಚಿ ಉಳಿಯುತ್ತದೆ. 200 ಜನರಿಗೆ ದಿನಕ್ಕೆ 3,000 ಲೀಟರ್ ಆಯಿತು. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಎಂಜಿನಿಯರನ್ನು ಕೇಳಿ, ಭಾಗಿಸಿ ನೋಡಿ. ದಿನ ಸಾಲದಿದ್ದರೆ ಮೊದಲು ಸ್ನಾನ ನಿಲ್ಲಿಸಿ, ಕೈತೊಳೆತ ಕೊನೆಯವರೆಗೂ ನಿಲ್ಲಿಸಬೇಡಿ.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವನ್ನು ದಡದ ಪಕ್ಕದಲ್ಲಿ, ಲಂಗರು ಹಾಕಿದ ಕಡೆ ಓಡಿಸಬಾರದು. ಹಡಗು ತಳ ಕಚ್ಚಿದ್ದರೆ ಕೆಸರು ಎಳೆದುಕೊಳ್ಳುತ್ತದೆ, ನಿಮ್ಮದೇ ಹಡಗಿನ ಕೊಳಚೆ ಸುತ್ತಲೂ ಇದ್ದರೆ ಅದನ್ನೂ. ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ 0.2 ಪಿಪಿಎಂ, ಅಂದರೆ ಲೀಟರಿಗೆ 0.2 ಮಿಲಿಗ್ರಾಂ ಇರಲೇಬೇಕು. ಅನುಮಾನದ ನೀರಾದರೆ 20 ಲೀಟರ್ ಕ್ಯಾನಿಗೆ ಸುವಾಸನೆ ಇಲ್ಲದ ಶೇ. 5ರ ಬ್ಲೀಚ್ 2 ಮಿಲಿ ಹಾಕಿ ಕಲಕಿ, 30 ನಿಮಿಷ ಬಿಟ್ಟು ಕುಡಿಯಿರಿ. ಅರ್ಧ ಗಂಟೆಯ ನಂತರ ಸಣ್ಣಗೆ ಕ್ಲೋರಿನ್ ವಾಸನೆ ಇರಬೇಕು. ಇಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ ಹಾಕಿ ಕಾಯಿರಿ.

ಹಡಗಿನ ಶೌಚಾಲಯ ನಿರ್ವಾತದ ಸೆಳೆತದಿಂದ ಕೆಲಸ ಮಾಡುತ್ತದೆ. ಕರೆಂಟು ಹೋದರೆ ಸೆಳೆತವೂ ಹೋಯಿತು. ಒಬ್ಬರು ಒದ್ದೆ ಟಿಶ್ಯೂ ಹಾಕಿದರೆ ಇಡೀ ಸಾಲಿನ ಕ್ಯಾಬಿನ್‌ಗಳು ಕಟ್ಟಿಕೊಳ್ಳುತ್ತವೆ. ಬದಲಿ ವ್ಯವಸ್ಥೆ: ಬಕೆಟ್‌ಗೆ ಎರಡು ಪದರ ಚೀಲ, ತಳದಲ್ಲಿ ಮರದ ಹುಡಿ ಅಥವಾ ಹರಿದ ಕಾಗದ, ಪ್ರತಿ ಸಲ ಮೇಲೆ ಒಂದು ಹಿಡಿ ಅದೇ. ಅರ್ಧ ತುಂಬಿದಾಗಲೇ ಕಟ್ಟಿ. ಪೂರ್ತಿ ತುಂಬಿಸಿದರೆ ಮೆಟ್ಟಿಲಿನಲ್ಲಿ ಒಡೆಯುತ್ತದೆ. ಕಟ್ಟಿದ ಚೀಲಗಳಿಗೆ ತೆರೆದ ಡೆಕ್‌ನಲ್ಲಿ ಹಗ್ಗ ಕಟ್ಟಿದ ಜಾಗ ಇರಲಿ, ಅಡುಗೆಮನೆಯ ಗಾಳಿ ಬರುವ ಕಡೆ ಬೇಡ. ರೋಗಿಗಳ ಬಕೆಟ್ ಬೇರೆ.

ಮೆಸ್‌ನ ಪ್ರತಿ ಬಾಗಿಲಲ್ಲಿ ನಲ್ಲಿಯ ಕ್ಯಾನು, ಸೋಪು ಇಟ್ಟು ಒಬ್ಬರನ್ನು ನಿಲ್ಲಿಸಿ: 20 ಸೆಕೆಂಡು ತೊಳೆಯದೆ ಒಳಗಿಲ್ಲ. ಸ್ಯಾನಿಟೈಸರ್ ಬಾಟಲಿ ನೊರೊವೈರಸ್ ಮುಂದೆ ಬಹಳ ದುರ್ಬಲ. ಆಲ್ಕೋಹಾಲ್‌ಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಎಲ್ಲ ಬಾಗಿಲಲ್ಲೂ ಬಾಟಲಿ ನೇತುಹಾಕಿ ನಿಶ್ಚಿಂತರಾಗುವುದು ಹಡಗುಗಳಲ್ಲಿ ಸಾಮಾನ್ಯ ತಪ್ಪು.

7. ಒರೆಸುವುದು: ಅಳತೆ ತಪ್ಪಬಾರದು

ಎರಡು ಹದ ಬೇಕು. ಬಾಗಿಲ ಹಿಡಿ, ಕಂಬಿ, ಲಿಫ್ಟ್ ಗುಂಡಿ, ಮೇಜಿಗೆ 1,000 ಪಿಪಿಎಂ. ವಾಂತಿ, ಮಲ ಬಿದ್ದ ಜಾಗಕ್ಕೆ 5,000 ಪಿಪಿಎಂ.

ಶೇ. 5ರ ಬ್ಲೀಚ್ ದ್ರಾವಣವಾದರೆ 10 ಲೀಟರ್ ಬಕೆಟ್‌ಗೆ 200 ಮಿಲಿ (1,000), ಒಂದು ಲೀಟರ್ (5,000). ಹಡಗಿನಲ್ಲಿರುವ ಶೇ. 65-70ರ ಕ್ಲೋರಿನ್ ಹರಳಾದರೆ 15 ಗ್ರಾಂ, 75 ಗ್ರಾಂ. ನಮ್ಮೂರ ಬ್ಲೀಚಿಂಗ್ ಪೌಡರ್, ಸುಮಾರು ಶೇ. 33ರದ್ದು, 30 ಗ್ರಾಂ ಮತ್ತು 150 ಗ್ರಾಂ. ಡಬ್ಬಿ ತೆರೆದು ತಿಂಗಳಾದರೆ ಶಕ್ತಿ ಇಳಿದಿರುತ್ತದೆ. ತಣ್ಣೀರಿಗೆ ಪುಡಿ ಹಾಕಿ, ಪುಡಿಗೆ ನೀರು ಸುರಿಯಬೇಡಿ. ದಿನಾ ಹೊಸದಾಗಿ ಬೆರೆಸಿ.

ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಎಂದೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಕ್ಯಾಬಿನ್‌ನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಉಳಿದ ಗಾಢ ದ್ರಾವಣವನ್ನು ಬಕೆಟ್‌ಗಟ್ಟಲೆ ಶೌಚಾಲಯಕ್ಕೆ ಸುರಿದರೆ ಕೊಳಚೆ ಶುದ್ಧೀಕರಿಸುವ ಬ್ಯಾಕ್ಟೀರಿಯಾ ಸತ್ತು ಆ ಘಟಕವೇ ನಿಲ್ಲುತ್ತದೆ.

ವಾಂತಿ ಬಿದ್ದಾಗ: ಜನರನ್ನು ಸುಮಾರು 7-8 ಮೀಟರ್ ದೂರ ಕಳಿಸಿ. ಮಾಸ್ಕ್, ಕನ್ನಡಕ, ಏಪ್ರನ್, ಕೈಗವಸು ಹಾಕಿಕೊಂಡು ಕಾಗದದ ಟವೆಲ್ ಮುಚ್ಚಿ, ಹೊರಗಿನಿಂದ ಒಳಗೆ ಎಳೆದು ಚೀಲಕ್ಕೆ ಹಾಕಿ. ಸೋಪು ನೀರಿನಿಂದ ತೊಳೆದ ಮೇಲೆ 5,000ರ ದ್ರಾವಣ ಸುರಿದು 10 ನಿಮಿಷ ಒದ್ದೆಯಾಗೇ ಬಿಡಿ. ತೊಳೆಯದೆ ಬ್ಲೀಚ್ ಹಾಕಿದರೆ ಕೊಳೆಯೇ ಕ್ಲೋರಿನ್ ಅನ್ನು ತಿಂದುಬಿಡುತ್ತದೆ. ಹಾಕಿದ ತಕ್ಷಣ ಒರೆಸಿದರೂ ವ್ಯರ್ಥ. ಕಾರ್ಪೆಟ್ ಮೇಲಾದರೆ ಬ್ಲೀಚ್ ಬೇಡ, ಹಬೆ ಯಂತ್ರ: 70 ಡಿಗ್ರಿಯಲ್ಲಿ 5 ನಿಮಿಷ ಅಥವಾ 100 ಡಿಗ್ರಿಯಲ್ಲಿ ಒಂದು ನಿಮಿಷ. ವ್ಯಾಕ್ಯೂಮ್ ಕ್ಲೀನರ್ ಹಚ್ಚಲೇಬೇಡಿ, ವೈರಸ್ ಗಾಳಿಗೆ ಏಳುತ್ತದೆ. ಹಾಸಿಗೆ ಬಟ್ಟೆಯನ್ನು ಕೊಡವದೆ ಮಡಚಿ ಚೀಲಕ್ಕೆ ಹಾಕಿ, 71 ಡಿಗ್ರಿಯಲ್ಲಿ 25 ನಿಮಿಷ ಒಗೆಯಬೇಕು.

8. ಕೆಮ್ಮು-ಜ್ವರದ ರೋಗವಾದರೆ

ಆಗ ಬಕೆಟ್‌ಗಿಂತ ಗಾಳಿ ಮುಖ್ಯ. ಎಂಜಿನಿಯರ್ ಹೊರಗಿನ ಗಾಳಿಯನ್ನು ಗರಿಷ್ಠಕ್ಕೆ ಏರಿಸಲಿ. ರೋಗಿಯ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಸದಾ ಓಡಲಿ. ಅದು ಕಾರಿಡಾರಿನ ಗಾಳಿಯನ್ನು ಒಳಗೆಳೆಯುತ್ತದೆ, ಕ್ಯಾಬಿನ್ ಗಾಳಿ ಹೊರಬರುವುದು ತಪ್ಪುತ್ತದೆ. ಬಾಲ್ಕನಿ ಬಾಗಿಲು ಮತ್ತು ಕಾರಿಡಾರಿನ ಬಾಗಿಲು ಒಟ್ಟಿಗೆ ತೆರೆಯಬಾರದು. ಸಮುದ್ರದ ಗಾಳಿ ರೋಗಿಯ ಉಸಿರನ್ನು ಎದುರು ಕ್ಯಾಬಿನ್‌ಗೆ ದೂಡುತ್ತದೆ. ತಟ್ಟೆಯನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು, ತಟ್ಟಿ, ಮುಂದೆ ನಡೆದ ಮೇಲೆ ರೋಗಿ ತೆರೆಯಲಿ. ಎದುರುಬದುರಿನ ಬಾಗಿಲು ಒಂದೇ ಹೊತ್ತಿಗೆ ತೆರೆಯದಂತೆ ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗಿ.

ಜ್ವರ ಅಳೆದು ‘ಸರಿಯಿದ್ದಾರೆ’ ಎನ್ನುವುದನ್ನು ನಂಬಬೇಡಿ. 2020ರಲ್ಲಿ ಉರುಗ್ವೆ ಬಳಿ ನಿಂತ ‘ಗ್ರೆಗ್ ಮಾರ್ಟಿಮರ್’ನಲ್ಲಿ 217 ಜನರಲ್ಲಿ 128 ಜನರಿಗೆ ಕೋವಿಡ್ ಖಚಿತವಾಯಿತು, ಅವರಲ್ಲಿ 104 ಜನರಿಗೆ ಲಕ್ಷಣವೇ ಇರಲಿಲ್ಲ. ಮಾಸ್ಕ್ ಎಲ್ಲರಿಗೂ, ರೋಗಿಯ ಬಳಿ ಹೋಗುವವರಿಗೆ ಎನ್-95. ಗಡ್ಡವಿದ್ದರೆ ಅದು ಮುಖಕ್ಕೆ ಕೂರುವುದಿಲ್ಲ, ಬೋಳಿಸಬೇಕು. ಕಾರಿಡಾರ್ ತುಂಬ ಹೊಗೆಯಂತೆ ಔಷಧ ಸಿಂಪಡಿಸುವುದು ನೋಡುವವರ ಸಮಾಧಾನಕ್ಕೆ ಮಾತ್ರ.

ಆಕ್ಸಿಜನ್ ಲೆಕ್ಕ ಮೊದಲೇ ಮಾಡಿಡಿ. 40 ಲೀಟರಿನ ಸಿಲಿಂಡರ್ 200 ಬಾರ್ ಒತ್ತಡದಲ್ಲಿ ತುಂಬಿದ್ದರೆ ಸುಮಾರು 8,000 ಲೀಟರ್ ಅನಿಲ. ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಒಬ್ಬರಿಗೆ 26 ಗಂಟೆ, ಇಬ್ಬರಿಗೆ 13. ಹೆಲಿಕಾಪ್ಟರ್ ಯಾವಾಗ ಕರೆಯಬೇಕು ಎಂಬುದನ್ನು ಹೇಳುವುದು ಈ ಸಂಖ್ಯೆ. ಕೊನೆಯ ಗಂಟೆಯಲ್ಲಿ ಕರೆದರೆ ಬರುವಷ್ಟರಲ್ಲಿ ಮುಗಿದಿರುತ್ತದೆ.

9. ವಾಂತಿಭೇದಿ ರೋಗಿಯ ಆರೈಕೆ

ನೊರೊವೈರಸ್‌ಗೆ ಔಷಧವಿಲ್ಲ, ಹೋದ ನೀರನ್ನು ತುಂಬುವುದೇ ಚಿಕಿತ್ಸೆ. 20.5 ಗ್ರಾಂ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿದರೆ ಉಪ್ಪಿನ ಹದ ಕೆಡುತ್ತದೆ. ಪೊಟ್ಟಣ ಮುಗಿದರೆ ಲೀಟರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿ ತಿಳಿ ಕೂಡ ಒಳ್ಳೆಯದೇ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಪ್ರತಿ ಭೇದಿಯ ನಂತರ ದೊಡ್ಡವರಿಗೆ 200ರಿಂದ 400 ಮಿಲಿ, 2ರಿಂದ 10 ವರ್ಷದ ಮಕ್ಕಳಿಗೆ 100ರಿಂದ 200, ಅದಕ್ಕೂ ಚಿಕ್ಕವರಿಗೆ 50ರಿಂದ 100. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಶುರುಮಾಡಿ. ಒಂದೇ ಗುಟುಕಿಗೆ ಕುಡಿಸಿದರೆ ಹಾಗೇ ಹೊರಬರುತ್ತದೆ. ಕೋಲಾ, ಹಣ್ಣಿನ ರಸ ಓಆರ್‌ಎಸ್‌ಗೆ ಬದಲಲ್ಲ. ಅತಿಯಾದ ಸಕ್ಕರೆ ಭೇದಿ ಹೆಚ್ಚಿಸುತ್ತದೆ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೂ, ಮಲದಲ್ಲಿ ರಕ್ತ ಇರುವವರಿಗೂ ಕೊಡಬೇಡಿ.

6-8 ಗಂಟೆ ಮೂತ್ರ ಇಲ್ಲ, ಚಿವುಟಿದ ಚರ್ಮ ನಿಧಾನಕ್ಕೆ ಇಳಿಯುತ್ತದೆ, ಕಣ್ಣು ಗುಳಿ ಬಿದ್ದಿದೆ, ಮಾತು ತೊದಲುತ್ತದೆ, ಕುಡಿಯಲು ಆಗುತ್ತಿಲ್ಲ: ಇವುಗಳಲ್ಲಿ ಯಾವುದೇ ಕಂಡರೂ ವೈದ್ಯರನ್ನು ಕರೆಯಿರಿ, ಡ್ರಿಪ್ ಬೇಕಾಗಬಹುದು. ಒಂಟಿಯಾಗಿ ಬಂದ ವೃದ್ಧರ ಬಾಗಿಲನ್ನು 4 ಗಂಟೆಗೊಮ್ಮೆ ತಟ್ಟಿ. ಸೋಂಕಿನಿಂದ ಅಲ್ಲ, ಯಾರೂ ನೋಡದೆ ಬತ್ತಿ ಹೋಗುವುದೇ ಇಲ್ಲಿ ದೊಡ್ಡ ಅಪಾಯ.

10. ಹಳೆಯ ಕಾಯಿಲೆಗಳ ಔಷಧಿ ಎಣಿಸಿ

ಇದನ್ನು ಬಹುತೇಕ ಮರೆಯುತ್ತಾರೆ. ಏಳು ದಿನಕ್ಕೆಂದು ಹೊರಟವರ ಬಳಿ ಒಂಬತ್ತನೇ ದಿನಕ್ಕೆ ಬಿಪಿ, ಸಕ್ಕರೆ, ಮೂರ್ಛೆರೋಗದ ಮಾತ್ರೆ ಇರುವುದಿಲ್ಲ. ಎರಡನೇ ದಿನವೇ ಪ್ರತಿ ಕ್ಯಾಬಿನ್‌ಗೂ ಚೀಟಿ ಕೊಟ್ಟು ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ದಿನಕ್ಕಿದೆ ಎಂದು ಬರೆಸಿ, ಕೊರತೆಯನ್ನು ನೆರವು ತರುವವರಿಗೆ ತಿಳಿಸಿ. ಬಳಕೆಯಲ್ಲಿರುವ ಹೆಚ್ಚಿನ ಇನ್ಸುಲಿನ್‌ಗಳು ಫ್ರಿಡ್ಜಿಲ್ಲದೆಯೂ ನೆರಳಲ್ಲಿ ಸುಮಾರು 28 ದಿನ ತಡೆಯುತ್ತವೆ, ಗಾಬರಿಯಾಗಿ ಎಸೆಯಬೇಡಿ. ಪ್ರಯಾಣ ಹೊರಡುವವರು 15 ದಿನದ ಹೆಚ್ಚಿನ ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

11. ಹೇಳಬೇಕಾದ್ದನ್ನು ಹೊತ್ತಿಗೆ ಹೇಳಿ

ದಿನಕ್ಕೆ ಎರಡು ಸಲ, ಅದೇ ಗಂಟೆಗೆ, ಕ್ಯಾಪ್ಟನ್‌ರದೇ ದನಿ. ಇಂದು ಎಷ್ಟು ಹೊಸ ರೋಗಿಗಳು, ಎಷ್ಟು ವಾಸಿ, ನೀರು-ಊಟ ಎಷ್ಟು ದಿನಕ್ಕಿದೆ, ಮುಂದಿನ ಪ್ರಕಟಣೆ ಯಾವಾಗ. ಹೊಸ ಸುದ್ದಿ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ. ಮೌನವಿದ್ದಲ್ಲಿ ವಾಟ್ಸ್ಆ್ಯಪ್ ಮಾತನಾಡುತ್ತದೆ. ಕಿಟಕಿಯಿಲ್ಲದ ಒಳಕ್ಯಾಬಿನ್‌ಗಳವರನ್ನು ಸರದಿಯಲ್ಲಿ ತೆರೆದ ಡೆಕ್‌ಗೆ ಕರೆತನ್ನಿ. ಕರೆಂಟಿಲ್ಲದಿದ್ದರೆ ಅವರನ್ನು ಅಲ್ಲಿ ಬಿಡಲೇಬಾರದು.

12. ಇಳಿಸುವುದು ಮತ್ತು ಆಮೇಲೆ

ಮೊದಲು ಇಳಿಯಬೇಕಾದವರು ಆಕ್ಸಿಜನ್ ಮೇಲಿರುವವರು, ಡ್ರಿಪ್ ಹಾಕಿಯೂ ಚೇತರಿಸದವರು, ಗರ್ಭಿಣಿಯರು, ಡಯಾಲಿಸಿಸ್‌ನಂಥ ಚಿಕಿತ್ಸೆ ತಪ್ಪಿದವರು. ದೋಣಿಗೆ, ಹೆಲಿಕಾಪ್ಟರಿಗೆ ಏರಿಸುವುದೇ ಅಪಾಯದ ಕೆಲಸ, ಬರಿ ನೊರೊವೈರಸ್‌ಗೆ ಅದು ಬೇಡ. ಪ್ರತಿಯೊಬ್ಬರ ಜೊತೆ ಒಂದು ಹಾಳೆ ಹೋಗಲಿ: ಲಕ್ಷಣ ಶುರುವಾದ ಗಂಟೆ, ಕೊಟ್ಟ ಔಷಧಿ, ಅಲರ್ಜಿ, ಪಾಸ್‌ಪೋರ್ಟ್ ಸಂಖ್ಯೆ.

ಕೊನೆಯ ರೋಗಿಯ ನಂತರ ನಾಲ್ಕು ದಿನ, ಅಂದರೆ ಎರಡು ಇನ್‌ಕ್ಯುಬೇಷನ್ ಅವಧಿ ಹೊಸಬರಿಲ್ಲದಿದ್ದರೆ ಮಾತ್ರ ಬಫೆ ತೆರೆಯುವ ಮಾತು. ಕರೆಂಟು ಮರಳಿದ ದಿನ ಎಲ್ಲರೂ ಶವರ್‌ಗೆ ಓಡುತ್ತಾರೆ, ತಡೆಯಿರಿ. ದಿನಗಟ್ಟಲೆ ನಿಂತ ಬೆಚ್ಚನೆ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬೆಳೆದಿರಬಹುದು. ಬಿಸಿನೀರು 60 ಡಿಗ್ರಿ ಏರಿದ ಮೇಲೆ ಶವರಿನ ತಲೆಗೆ ಬಟ್ಟೆ ಕಟ್ಟಿ, ಹನಿ ಸಿಡಿಯದಂತೆ ಪ್ರತಿ ನಲ್ಲಿಯನ್ನೂ ಕೆಲವು ನಿಮಿಷ ಹರಿಬಿಡಬೇಕು.

ಸಿಬ್ಬಂದಿಯಾಗಿದ್ದರೆ ಹಡಗು ಬಿಡುವ ಮುನ್ನ ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿ ಕೇಳಿ ಪಡೆಯಿರಿ. ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಕೆಲಸದ ಅವಧಿಯಲ್ಲಿ ಬಂದ ಕಾಯಿಲೆಯ ಚಿಕಿತ್ಸಾ ವೆಚ್ಚಕ್ಕೆ ದೇಶದ ಕಾನೂನು ಮಿತಿ ಹಾಕಿದರೂ ಆ ಮಿತಿ 16 ವಾರಕ್ಕಿಂತ ಕಡಿಮೆ ಇರುವಂತಿಲ್ಲ. ಊರಿಗೆ ಕಳಿಸುವ ಖರ್ಚೂ ಮಾಲೀಕರದೇ. ‘ಆರೋಗ್ಯವಾಗಿದ್ದೇನೆ, ಬಾಕಿ ಏನೂ ಇಲ್ಲ’ ಎಂಬ ಕಾಗದವನ್ನು ಗ್ಯಾಂಗ್‌ವೇಯಲ್ಲಿ ಅವಸರದಲ್ಲಿ ಮುಂದೆ ಹಿಡಿದರೆ ಓದದೆ ಸಹಿ ಹಾಕಬೇಡಿ. ಮನೆಯವರ ಬಳಿ ನಿಮ್ಮ ಸಿಡಿಸಿ (ನಾವಿಕರ ಗುರುತಿನ ಪುಸ್ತಕ) ಸಂಖ್ಯೆ, ಕಾಂಟ್ರ್ಯಾಕ್ಟಿನ ಪ್ರತಿ, ಕೆಲಸಕ್ಕೆ ಕಳಿಸಿದ ಏಜೆನ್ಸಿಯ ಪರವಾನಗಿ ಸಂಖ್ಯೆ, ಹಡಗಿನ ಐಎಂಒ ಸಂಖ್ಯೆ (ಹಡಗಿನ ಗುರುತಿನ ಸಂಖ್ಯೆ) ಮೊದಲೇ ಇರಲಿ. ರಾಯಭಾರ ಕಚೇರಿಯಾಗಲಿ, ಮುಂಬೈನ ಶಿಪ್ಪಿಂಗ್ ಮಹಾನಿರ್ದೇಶನಾಲಯವಾಗಲಿ ಫೋನ್ ಎತ್ತಿದ ಕೂಡಲೇ ಕೇಳುವುದು ಈ ನಾಲ್ಕನ್ನು.